ಹೂವಾಡಿಗನ ನವಣೆ, ನೇಕಾರನ ಬೆಕ್ಕು

"ಬುದ್ಧಿ, ಪಕ್ಕದ ಮನೆ ಬೆಕ್ಕನ್ನ ಗೋಣಿಚೀಲಕ್ಕೆ ಹಾಕಿ ಹೊಳೆ ಆಚೆ ಬಿಟ್ಟು ಬಂದ್ರೆ ಪಾಪ ಬರುತ್ತಾ?"

ಅಡವೀಶ ಹೀಗೆ ಕೇಳಿದ್ದೇ ತಡ, ನಾವ್ಯಾರೂ ಅವನ ಮುಖ ನೋಡಲಿಲ್ಲ, ಅವನ ಕೈ ನೋಡಿದ್ವಿ. ಎರಡೂ ಮೊಣಕೈಯಿಂದ ಕೆಳಗೆ ಉದ್ದುದ್ದ ಪರಚಿದ ಗೀರು, ಇನ್ನೂ ರಕ್ತ ಒಣಗಿರಲಿಲ್ಲ. ಆಮೇಲೆ ಬಾಗಿಲಿನಾಚೆ ನೋಡಿದ್ವಿ. ಬೇವಿನ ಮರಕ್ಕೆ ಒರಗಿಸಿದ್ದ ಅವನ ಸೈಕಲ್ಲು, ಕ್ಯಾರಿಯರ್ ಮೇಲೆ ಒಂದು ಗೋಣಿಚೀಲ, ಚೀಲದ ಬಾಯಿಗೆ ಬಿಗಿಯಾಗಿ ಹುರಿ. ಚೀಲ ಆಗಾಗ ತಾನೇ ಅಲ್ಲಾಡ್ತಿತ್ತು. ಬುದ್ಧಿಯೋರು, ಅಂದ್ರೆ ನಮ್ಮ ಮಠದ ಸ್ವಾಮಿಗಳು, ಬಾಗಿಲಿಗೆ ಬೆನ್ನು ಹಾಕಿ ಕೂತು ವಿಭೂತಿ ಗಟ್ಟಿಗಳನ್ನ ಒಂದೊಂದಾಗಿ ಬಟ್ಟೇಲಿ ಒರೆಸ್ತಿದ್ರು. ಅವರಿಗೆ ಅದೇನೂ ಕಂಡಿಲ್ಲ ಅಂತ ಅಡವೀಶ ಅಂದ್ಕೊಂಡಿದ್ದ, ನಾವೂ ಹಾಗೇ ಅಂದ್ಕೊಂಡಿದ್ವಿ.

"ಕೊಂದ್ರೆ ಪಾಪ ಅಂತ ಗೊತ್ತು ಬುದ್ಧಿ. ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕಂತೆ, ನನ್ನ ಹತ್ತಿರ ತಗಡಿನ ಬೆಕ್ಕು ಮಾಡಿಸೋಕೂ ಗತಿ ಇಲ್ಲ. ನಾನು ಕೇಳ್ತಿರೋದು ಬರೀ ಬಿಟ್ಟು ಬರೋದು" ಅಂದ.

"ಯಾರ ಬೆಕ್ಕು?" ಅಂದ್ರು ಬುದ್ಧಿಯೋರು.

ಅಷ್ಟು ಕೇಳಿದ್ದೇ ಸಾಕಾಯ್ತು, ಅಡವೀಶ ಶುರು ಹಚ್ಕೊಂಡ. "ಹಪ್ಪಳದ ಈರಮ್ಮಂದು. ಹೋದ ದೀಪಾವಳಿವರೆಗೂ ಆ ಮನೇಲಿ ಬೆಕ್ಕೇ ಇರಲಿಲ್ಲ ಬುದ್ಧಿ, ಎಲ್ಲಿಂದ ತಂದಳೋ ಏನೋ. ನಾನು ದಿನಾ ಬೆಳಗ್ಗೆ ಹಿತ್ತಲಲ್ಲಿ ಹಕ್ಕಿಗೆ ಅಂತ ನುಚ್ಚಕ್ಕಿ ಹಾಕ್ತೀನಿ, ಬಟ್ಟಲಲ್ಲಿ ನೀರಿಡ್ತೀನಿ, ಎಷ್ಟು ಹಾಕಿದ್ರೂ ಮಾರನೇ ಬೆಳಗ್ಗೆ ಒಂದು ಕಾಳೂ ಉಳಿದಿರಲ್ಲ, ಅಷ್ಟು ಹಕ್ಕಿ ಬರ್ತವೆ. ಆ ಬೆಕ್ಕು ದಾಸವಾಳದ ಬುಡದಲ್ಲಿ ಕೂತಿರುತ್ತೆ, ಛತ್ರದಲ್ಲಿ ಎಲೆ ಹಾಕೋದನ್ನೇ ಕಾಯ್ತಾ ಕೂತೋರ ಹಾಗೆ. ನಿನ್ನೆ ಒಂದು ಪಿಕಳಾರ ಹಕ್ಕಿ ಹೋಯ್ತು. ಜುಟ್ಟು ಮಾತ್ರ ನನ್ನ ಮೆಟ್ಟಿಲ ಮೇಲೆ ಬಿಟ್ಟು ಹೋಗಿದೆ, ರಸೀದಿ ಕೊಟ್ಟ ಹಾಗೆ. ಈರಮ್ಮನ್ನ ಕೇಳಿದ್ರೆ 'ಬೆಕ್ಕಲ್ವೇನಪ್ಪ, ಸೊಪ್ಪು ಮೇಯುತ್ತಾ' ಅಂತಾಳೆ. ನನಗೆ ಸಾಕಾಗಿ ಹೋಗಿದೆ ಬುದ್ಧಿ. ಹೌದು ಅಂತಾನೋ ಇಲ್ಲ ಅಂತಾನೋ ಒಂದು ಮಾತು ಹೇಳಿಬಿಡಿ."

"ಅವಸರ ಇದೆಯಾ?" ಅಂದ್ರು.

ಅಡವೀಶ ಬಾಗಿಲ ಕಡೆ ಒಂದು ಸಲ ನೋಡ್ದ. "ಇಲ್ಲ ಬುದ್ಧಿ."

"ಹಾಗಿದ್ರೆ ಕೂತ್ಕೋ" ಅಂದು ಬುದ್ಧಿಯೋರು ಹೇಳೋಕೆ ಶುರು ಮಾಡಿದ್ರು.

ಒಂದೂರಲ್ಲಿ ಒಬ್ಬ ಹೂವಾಡಿಗ ಇದ್ದ. ಅವನ ಪಕ್ಕದ ಮನೇಲಿ ಒಬ್ಬ ನೇಕಾರ ಇದ್ದ. ಇಬ್ಬರ ಹಿತ್ತಲಿಗೂ ಮಧ್ಯೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಹಬ್ಬದ ದಿನ ಹೋಳಿಗೆ ಆ ಗೋಡೆ ಮೇಲಿಂದಾನೇ ಆಚೆಗೆ ಹೋಗೋದು, ಈಚೆಗೆ ಬರೋದು. ಹೂವಾಡಿಗನಿಗೆ ಒಬ್ಬಳೇ ಮಗಳು. ನೇಕಾರನಿಗೆ ಮಕ್ಕಳಿಲ್ಲ. ಆ ಮಗು ಇನ್ನೂ ತೊಟ್ಟಿಲಲ್ಲಿ ಇದ್ದಾಗಲೇ ಅವನು ಹೇಳಿಬಿಟ್ಟಿದ್ದ, "ಇವಳ ಧಾರೆ ಸೀರೆ ನನ್ನ ಮಗ್ಗದಿಂದಾನೇ ಇಳೀಬೇಕು, ಬೇರೆ ಕಡೆ ಹೋದ್ರೆ ನೋಡು."

ಹೂವಾಡಿಗನ ಮನೇಲಿ ಒಂದು ಪದ್ಧತಿ. ಬೆಳಗ್ಗೆ ಹಕ್ಕಿಗೆ ಹಾಕದೆ ತಾನು ಬಾಯಿಗೆ ಹಾಕೋ ಹಾಗಿಲ್ಲ. ಬಾವಿ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ನವಣೆ ಚೆಲ್ಲಬೇಕು. ಚೆಲ್ಲಿದ್ದಕ್ಕೆ ಮತ್ತೆ ಪೊರಕೆ ಮುಟ್ಟಿಸಬಾರದು. ಹಕ್ಕಿಗೆ ಕೊಟ್ಟಿದ್ದು ಕೊಟ್ಟಿದ್ದೇ, ಬಳಿದ್ರೆ ಕೊಟ್ಟ ಕೈಯಲ್ಲೇ ಕಿತ್ಕೊಂಡ ಹಾಗೆ. ಅವನಪ್ಪ ಹಾಗೇ ನಡೆಸ್ಕೊಂಡು ಬಂದಿದ್ದ. ಅವನಪ್ಪ ಒಂದು ಹಿಡಿ ಹಾಕ್ತಿದ್ದ. ಇವನ ಮನಸ್ಸು ದೊಡ್ಡದು, ಎರಡು ಬೊಗಸೆ ಹಾಕ್ತಿದ್ದ. ಗುಬ್ಬಿ ಬರೋವು, ಪಾರಿವಾಳ ಬರೋವು. ದಾಸವಾಳದಲ್ಲಿ ಪಿಕಳಾರ ಗೂಡು ಕಟ್ಟೋವು. ಅವನು ಹೂ ಕಟ್ತಾ ಕಟ್ತಾ ಅವನ್ನ ನೋಡ್ತಾ ಕೂತಿರೋನು. ಅವನಿಗೆ ಅದೇ ಪೂಜೆ, ಅದೇ ನಾಟಕ.

ಒಂದು ವರ್ಷ ನೇಕಾರ ಒಂದು ಬೆಕ್ಕು ತಂದ.

ಬಂದ ವಾರದಲ್ಲೇ ಒಂದು ಗುಬ್ಬಿ ಹೋಯ್ತು. ಆಮೇಲೆ ಇನ್ನೊಂದು. ಹೂವಾಡಿಗ ಗೋಡೆ ಹತ್ತಿರ ಹೋಗಿ, "ಅಣ್ಣಾ, ನಿನ್ನ ಬೆಕ್ಕನ್ನ ಸ್ವಲ್ಪ ಹಿಡಿತದಲ್ಲಿ ಇಟ್ಕೋ" ಅಂದ.

"ಅದು ಬೆಕ್ಕು ಕಣೋ, ಎತ್ತಲ್ಲ ಮೂಗುದಾರ ಹಾಕೋಕೆ."

"ಹೊಟ್ಟೆ ತುಂಬ ಹಾಲಾದ್ರೂ ಹಾಕು."

"ಹಾಕ್ತೀನಿ. ಕುಡಿದು ನಿನ್ನ ಮನೆಗೆ ಬರುತ್ತೆ. ಊಟ ಆದ್ಮೇಲೆ ಎಲೆಅಡಿಕೆ ಬೇಡ್ವಾ ಅದಕ್ಕೆ."

ನೇಕಾರ ನಗೆಯಾಡೋಕೆ ಅಂದಿದ್ದು. ಹೂವಾಡಿಗನಿಗೆ ನಗು ಬರಲಿಲ್ಲ.

ಅವನೇ ಸಂತೆಯಿಂದ ಒಂದು ಗೆಜ್ಜೆ ತಂದು ಕೊಟ್ಟ, ಬೆಕ್ಕಿನ ಕುತ್ತಿಗೆಗೆ ಕಟ್ಟು ಅಂತ. ನೇಕಾರ ಕಟ್ಟಿದ. ಬೆಕ್ಕು ಹೊಸ ಸೊಸೆ ಹಾಗೆ ಘಲ್ ಘಲ್ ಅಂತ ಓಡಾಡ್ತು, ಹಕ್ಕಿಗಳು ಪುರ್ ಅಂತ ಹಾರಿ ಹೋದ್ವು, ಹೂವಾಡಿಗ ಖುಷಿಯಾದ. ಕೆಲವೇ ದಿನ. ಒಂದು ಬೆಳಗ್ಗೆ ನೋಡ್ತಾನೆ, ಬೆಕ್ಕಿನ ಕುತ್ತಿಗೆ ಬೋಳು, ಬಾಯಲ್ಲಿ ಗುಬ್ಬಿ.

"ಗೆಜ್ಜೆ ಯಾಕೆ ಬಿಚ್ದೆ?" ಅಂತ ಗೋಡೆ ಮೇಲಿಂದ ಕೇಳ್ದ.

ನೇಕಾರ ಹೇಳೋಕೆ ಬಂದ. "ಗೆಜ್ಜೆ ಕಟ್ಟಿದಾಗಿಂದ ನನ್ನ ಮಗ್ಗದ ಕೆಳಗೆ..."

"ನಿನ್ನ ಮಗ್ಗದ ಪುರಾಣ ನನಗೆ ಯಾಕೆ? ಬೆಕ್ಕಿನ ವಿಷಯ ಹೇಳು."

"ಬೆಕ್ಕಿನ ವಿಷಯಾನೇ ಹೇಳ್ತಿದ್ದೆ" ಅಂದು ನೇಕಾರ ಒಳಗೆ ಹೋದ.

ಅವತ್ತೇ ಹೂವಾಡಿಗ ಗೋಡೆ ಉದ್ದಕ್ಕೂ ಜಾಲಿಮುಳ್ಳು ಹೊದಿಸಿದ. ಬೆಕ್ಕು ಮುಳ್ಳಿನ ಮಧ್ಯೆ ದಾರಿ ಮಾಡ್ಕೊಂಡ್ತು. ಹೋಳಿಗೆ ಮಾತ್ರ ನಿಂತುಹೋಯ್ತು.

ಆಮೇಲೆ ಒಂದು ಕೊಡ ನೀರು ಇಟ್ಕೊಂಡು, ಬಂದ್ರೆ ಎರಚಿಬಿಡ್ತೀನಿ ಅಂತ ಕನಕಾಂಬರದ ಮರೆಯಲ್ಲಿ ಹೊಂಚು ಹಾಕಿ ಕೂತ. ಕಾಲು ಜೋಮು ಹಿಡಿಯೋವರೆಗೂ ಕೂತ. ತಿರುಗಿ ನೋಡಿದ್ರೆ ಬೆಕ್ಕು ಅವನ ಹಿಂದೇನೇ ಕೂತು ಅದೇ ಹಕ್ಕಿಗೆ ಹೊಂಚು ಹಾಕ್ತಿತ್ತು.

ಇಲ್ಲಿ ನಮಗೆಲ್ಲ ನಗು ಬಂತು. ಅಡವೀಶನಿಗೆ ಮಾತ್ರ ಬರಲಿಲ್ಲ. "ನಾನೂ ಹಾಗೇ ಕೂತಿದ್ದೆ ಬುದ್ಧಿ, ನಿಮಗೆ ಯಾರು ಹೇಳಿದ್ರು?" ಅಂದ. ಬುದ್ಧಿಯೋರು ಇನ್ನೊಂದು ವಿಭೂತಿ ಗಟ್ಟಿ ಕೈಗೆ ತಗೊಂಡ್ರು, ಮುಂದಕ್ಕೆ ಹೇಳಿದ್ರು.

ಹೂವಾಡಿಗನಿಗೆ ತಲೆ ಕೆಟ್ಟುಹೋಯ್ತು. ಹೂ ಕಟ್ಟೋಕೆ ಕೂತ್ರೂ ಬೆಕ್ಕು, ಊಟಕ್ಕೆ ಕೂತ್ರೂ ಬೆಕ್ಕು. ಹೆಂಡತಿ ಜೊತೆ ಮಾತಾಡಿದ್ರೂ ಬೆಕ್ಕಿನ ಮಾತೇ. ಮಗಳಿಗೆ ಗಂಡು ಗೊತ್ತಾಯ್ತು, ಮದುವೆ ದಿನಾನೂ ಗೊತ್ತಾಯ್ತು. ಹೆಂಡತಿ ಕೇಳಿದಳು, "ಧಾರೆ ಸೀರೆ ವಿಷಯ ಆ ಅಣ್ಣನ್ನ ಒಂದು ಮಾತು ಕೇಳ್ಬೇಕಲ್ವಾ?" ಇವನು, "ಆ ಮನೆ ದಾರ ನನ್ನ ಮಗಳ ಮೈಗೆ ತಾಗಬಾರದು, ಪೇಟೇಲಿ ತಗೊಂಡ್ರಾಯ್ತು" ಅಂದ.

ಒಂದು ದಿನ ನೇಕಾರ ನೂಲು ತರೋಕೆ ಪರವೂರಿಗೆ ಹೋಗಿದ್ದ. ಹೂವಾಡಿಗ ಮೀನಿನ ತಲೆ ತೋರಿಸಿ ಬೆಕ್ಕನ್ನ ಕರೆದ, ಗೋಣಿಚೀಲಕ್ಕೆ ಹಾಕಿದ, ಬಾಯಿಗೆ ಹುರಿ ಬಿಗಿದ. ಹೊಳೆ ದಾಟಿದ. ದಿಕ್ಕು ತಪ್ಪಲಿ ಅಂತ ಚೀಲಾನ ಗರಗರ ತಿರುಗಿಸಿ, ಪೊದೆ ಹತ್ತಿರ ಬಿಟ್ಟು, ಹಿಂದಕ್ಕೆ ನೋಡದೆ ಬಂದ. ಬಂದು ತಲೆಗೆ ನೀರು ಹಾಕ್ಕೊಂಡು ಹೊಟ್ಟೆ ತುಂಬ ಉಂಡ.

ನೇಕಾರ ವಾಪಸ್ ಬಂದು ಹುಡುಕಿದ. ತೆಂಗಿನ ಚಿಪ್ಪಲ್ಲಿ ಹಾಲು ಇಟ್ಕೊಂಡು ಕೇರಿ ಕೇರಿ ತಿರುಗಿದ. ಹೂವಾಡಿಗ ಮುಳ್ಳಿನ ಈಚೆ ನಿಂತು, "ಏನಣ್ಣಾ, ಏನೋ ಕಳ್ಕೊಂಡ ಹಾಗಿದೆ?" ಅಂದ.

"ಬೆಕ್ಕು ಕಣೋ. ಎಲ್ಲೋ ಹೋಗಿದೆ, ಬರುತ್ತೆ" ಅಂದ ನೇಕಾರ.

ಹಕ್ಕಿಗಳು ಗುಂಪು ಗುಂಪಾಗಿ ಬಂದ್ವು. ಪಿಕಳಾರ ಮತ್ತೆ ಗೂಡು ಕಟ್ಟಿ ಮೊಟ್ಟೆ ಇಡ್ತು. ಹೂವಾಡಿಗ ಆ ಸಂತೋಷಕ್ಕೆ ಎರಡು ಬೊಗಸೆ ಜೊತೆ ಇನ್ನೊಂದು ಬೊಗಸೆ ಸೇರಿಸಿದ.

ಇಷ್ಟು ಹೇಳಿ ಬುದ್ಧಿಯೋರು ಒರೆಸಿದ ಗಟ್ಟಿಯನ್ನ ಬುಟ್ಟಿಗಿಟ್ರು. ಅಡವೀಶನ ಮುಖ ಅರಳಿಬಿಡ್ತು, ಎದ್ದೇಬಿಡೋ ಹಾಗೆ ಪಂಚೆ ಸರಿಮಾಡ್ಕೊಂಡ. "ಅಂದ್ರೆ ಒಳ್ಳೇದೇ ಆಯ್ತಲ್ಲ ಬುದ್ಧಿ."

"ಆಯ್ತು. ಹಕ್ಕಿಗೂ ಒಳ್ಳೇದಾಯ್ತು, ಇಲಿಗೂ ಒಳ್ಳೇದಾಯ್ತು."

"ಇಲಿ ಎಲ್ಲಿಂದ ಬಂತು ಈಗ?"

"ಮೊದಲಿಂದಾನೂ ಇತ್ತು. ನೀನು ಬೆಕ್ಕು ನೋಡ್ತಿದ್ದೆ."

ಅಡವೀಶ ಮತ್ತೆ ಕೂತ. ಬುದ್ಧಿಯೋರು ಮುಂದುವರಿಸಿದ್ರು.

ಸಂಜೆ ಆಗ್ತಿದ್ದ ಹಾಗೆ ಹಕ್ಕಿ ಗೂಡಿಗೆ ಹೋಗ್ತವೆ. ಚಪ್ಪಡಿ ಮೇಲೆ ಮಿಕ್ಕಿದ ನವಣೆ ಹಾಗೇ ಬಿದ್ದಿರುತ್ತೆ, ಪೊರಕೆ ಮುಟ್ಟಿಸೋ ಹಾಗಿಲ್ಲ. ಕತ್ತಲಾದ್ಮೇಲೆ ಅದನ್ನ ತಿನ್ನೋರು ಬೇರೆ. ತಿಂದು ಬಲಿತು ಚಪ್ಪಡಿ ಕೆಳಗೇ ಬಿಲ ಮಾಡ್ಕೊಂಡಿದ್ವು. ಗೋಡೆ ದಾಟಿದ್ರೆ ನೇಕಾರನ ಮನೆ. ಅಲ್ಲಿ ಮಗ್ಗಕ್ಕೆ ಎಳೆದ ನೂಲು, ನೂಲಿಗೆಲ್ಲ ಅನ್ನದ ಗಂಜಿ. ಇಲಿಗೆ ಗಂಜಿ ಹಚ್ಚಿದ ನೂಲು ಅಂದ್ರೆ ಕಬ್ಬಿನ ಜಲ್ಲೆ ಇದ್ದ ಹಾಗೆ. ಒಂದು ಕಡೆ ಕಡಿದ್ರೆ ಸಾಕು, ತಿಂಗಳ ಕೆಲಸ ಹೋಯ್ತು. ಅದಕ್ಕೇ ಅವನು ಬೆಕ್ಕು ತಂದಿದ್ದು. ಗೆಜ್ಜೆ ಸದ್ದು ಗುಬ್ಬಿಗೆ ಕೇಳಿಸಿದ ಹಾಗೆ ಇಲಿಗೂ ಕೇಳಿಸ್ತು, ಅದಕ್ಕೇ ಬಿಚ್ಚಿದ್ದು.

ಒಂದು ಬೆಳಗ್ಗೆ ಹೂವಾಡಿಗ ದಾಸವಾಳದ ಹತ್ತಿರ ಹೋದ. ಪಿಕಳಾರದ ಗೂಡು ಅಡ್ಡಡ್ಡ ನೇತಾಡ್ತಿತ್ತು. ಕೆಳಗೆ ಮೊಟ್ಟೆ ಚಿಪ್ಪು. ತಾಯಿ ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರಾಡ್ತಾ ಕೂಗ್ತಿತ್ತು. ಅವನ ತಲೆಗೆ ಬಂದಿದ್ದು ಬೆಕ್ಕೇ. ಹೊಳೆ ದಾಟಿ ವಾಪಸ್ ಬಂದಿದೆ ಅಂದ್ರೆ ಅದು ಬೆಕ್ಕಲ್ಲ, ಪಿಶಾಚಿ ಅಂದ್ಕೊಂಡು ಸೀದಾ ನೇಕಾರನ ಮನೆಗೆ ನುಗ್ಗಿದ. ಎಷ್ಟೋ ತಿಂಗಳಾದ್ಮೇಲೆ ಆ ಹೊಸಿಲು ದಾಟಿದ್ದು ಅವತ್ತೇ.

"ತೆಗಿ ನಿನ್ನ ಬೆಕ್ಕನ್ನ ಹೊರಗೆ. ಎಲ್ಲಿ ಬಚ್ಚಿಟ್ಟಿದ್ದೀಯ?"

ನೇಕಾರ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಕೊಂಡು ಕೂತಿದ್ದ. ಮುಂದೆ ಅರ್ಧ ನೇಯ್ದ ಸೀರೆ. ಬಿಳೀ ಒಡಲು, ಕೆಂಪಂಚು. ಉಳಿದ ನೂಲೆಲ್ಲ ಈ ಕಡೆಯಿಂದ ಆ ಕಡೆವರೆಗೂ ತುಂಡು ತುಂಡು. ಅವನು ಒಂದು ಎಳೆ ತಗೊಂಡು ಇನ್ನೊಂದಕ್ಕೆ ಗಂಟು ಹಾಕ್ತಿದ್ದ. ಎಳೆ ಸಾವಿರ ಇದ್ವು.

"ಬೆಕ್ಕು ಎಲ್ಲಿದೆ ಮಾರಾಯ. ಇದ್ದಿದ್ರೆ ಹೀಗಾಗ್ತಿತ್ತಾ" ಅಂದ.

ಹೂವಾಡಿಗ ಸೀರೆ ನೋಡ್ದ. "ಇದು ಯಾರದು?"

"ನಿನ್ನ ಮಗಳದು. ಜಗಳ ಆಡಿದ್ದು ನೀನು, ಅವಳಲ್ವಲ್ಲ."

ಅಷ್ಟರಲ್ಲಿ ಮಗ್ಗದ ಅಡಿಯಿಂದ ಒಂದು ಇಲಿ ಓಡ್ತು. ಹಿತ್ತಲ ಬಾಗಿಲು ದಾಟ್ತು, ಗೋಡೆ ಹತ್ತಿ ಮುಳ್ಳಿನ ಸಂದೀಲಿ ನುಸುಳ್ತು. ಇಬ್ಬರೂ ಅದರ ಹಿಂದೆ ಹೋಗಿ ಗೋಡೆ ಹತ್ತಿರ ನಿಂತು ನೋಡಿದ್ರು. ಇಲಿ ದಾಸವಾಳದ ಬುಡ ಬಳಸ್ಕೊಂಡು, ಬಾವಿ ಪಕ್ಕದ ಚಪ್ಪಡಿ ಕೆಳಗೆ ಹೊಕ್ಕೊಂಡ್ತು. ಚಪ್ಪಡಿ ಮೇಲೆ ನಿನ್ನೆ ಮಿಕ್ಕಿದ ನವಣೆ ಮೇಲೇನೇ ಇವತ್ತಿನ ನವಣೆ ಬಿದ್ದಿತ್ತು.

ನೇಕಾರ ಏನೂ ಬೈಲಿಲ್ಲ. "ಆ ಬೆಕ್ಕು ಒಂದು ಬಂದ್ರೆ, ಮದುವೆ ಹೊತ್ತಿಗೆ ಹೇಗಾದ್ರೂ ಮುಗಿಸ್ತೀನಿ. ನೀನೇನಾದ್ರೂ ಅದನ್ನ ನೋಡಿದ್ಯೇನೋ?" ಅಂತ ಕೇಳ್ದ.

ಹೂವಾಡಿಗ ಗೋಡೆ ಹಿಡ್ಕೊಂಡ. ಅಂಗೈಗೆ ಅವನೇ ಹೊದಿಸಿದ್ದ ಮುಳ್ಳು ಚುಚ್ಕೊಂಡ್ತು.

ಬುದ್ಧಿಯೋರು ಇಲ್ಲಿಗೆ ನಿಲ್ಲಿಸಿಬಿಟ್ರು. ನಾವು ಇನ್ನೇನೋ ಹೇಳ್ತಾರೆ ಅಂತ ಕಾದ್ವಿ, ಅವರು ಕೊನೇ ವಿಭೂತಿ ಗಟ್ಟಿ ಒರೆಸಿ ಬುಟ್ಟಿಯಲ್ಲಿಟ್ಟು ಬಟ್ಟೆ ಮಡಿಸಿದ್ರು. ಅಡವೀಶನಿಗೆ ತಡೆಯೋಕೆ ಆಗಲಿಲ್ಲ. ಮಂಡಿ ಮೇಲೆ ಮುಂದಕ್ಕೆ ಬಂದು, ಉಸಿರು ಬಿಡದೆ ಕೇಳ್ದ, "ಆಮೇಲೆ ಏನಾಯ್ತು ಬುದ್ಧಿ? ಹೂವಾಡಿಗ ಹೇಳಿಬಿಟ್ನಾ? ಬೆಕ್ಕು ವಾಪಸ್ ಬಂತಾ? ಆ ಹುಡುಗಿ ಸೀರೆ ಮುಗೀತಾ?"

ಬುದ್ಧಿಯೋರು ಬಾಗಿಲ ಕಡೆ ತಿರುಗೂ ನೋಡಲಿಲ್ಲ.

"ಅದನ್ನ ನಾನು ಹೇಗೆ ಹೇಳ್ಲಿ ಮಗ, ಚೀಲ ಇನ್ನೂ ನಿನ್ನ ಸೈಕಲ್ ಮೇಲೇ ಇದೆಯಲ್ಲ."