ಅತ್ತಿಗೆಂಪು

"ಎಲ್ಲಾರಿಗೂ ಒಳ್ಳೇದಾಗೂದನ್ನ ಒಬ್ಬಾವ ಕಷ್ಟಪಟ್ಟು ಕಂಡುಹಿಡಿದು ಕೊಟ್ರ ಸಾಲೂದಿಲ್ಲೇನು ಅಜ್ಜಾರ? ಮತ್ತ ಎಲ್ಲಾರನ್ನೂ ಕೇಳಕೋತ ಯಾಕ ಕುಂದರಬೇಕು?"

ಹೀಗೆ ಕೇಳಿದವನು ಮಠದ ಶಿಷ್ಯ ಚರಂತಯ್ಯ. ಕೇಳುವಾಗ ಅವನ ಕೈಯಲ್ಲಿ ಸಲಿಕೆ ಇತ್ತು, ಮುಖದಲ್ಲಿ ಸಿಟ್ಟು ಇತ್ತು.

ಸಿಟ್ಟಿಗೆ ಕಾರಣ ಒಂದು ಕಾಲುವೆ. ಮಠದ ದಾಸೋಹದಲ್ಲಿ ಪಾತ್ರೆ ತೊಳೆದ ನೀರು ಹಿತ್ತಲಲ್ಲಿ ನಿಂತು ಕೊಳೆಯುತ್ತಿತ್ತು. ಅಲ್ಲೇ ಆಚೆಗೆ ಬಾಳೆಯ ತೋಟ ನೀರಿಲ್ಲದೆ ಬಾಡುತ್ತಿತ್ತು. ಚರಂತಯ್ಯ ಇಳಿಜಾರು ನೋಡಿ, ಕಲ್ಲು ಹೊಂದಿಸಿ, ಯಾರನ್ನೂ ಕರೆಯದೆ ಒಬ್ಬನೇ ಕಾಲುವೆ ತೋಡಿದ. ನೀರು ಬಾಳೆಗೆ ಹೋಯಿತು. ಆದರೆ ಪಾತ್ರೆ ತೊಳೆಯುವವರು ಅದರಲ್ಲಿ ಬೂದಿ ಸುರಿದರು, ಅನ್ನದ ಅಗುಳು ಬಿಟ್ಟರು. ಕಾಲುವೆ ಕಟ್ಟಿಕೊಂಡಿತು. ಕಟ್ಟಿಕೊಂಡಾಗಲೆಲ್ಲ ಯಾರಾದರೊಬ್ಬರು ಬಂದು, ಚರಂತಯ್ಯನ ಕಾಲುವೆ ಕಟ್ಟಿದೆ ಎಂದು ಚರಂತಯ್ಯನಿಗೇ ಹೇಳಿ ಹೋಗುತ್ತಿದ್ದರು. ಒಬ್ಬರೂ ಬಗ್ಗಿ ಒಂದು ಕಡ್ಡಿ ಎತ್ತುತ್ತಿರಲಿಲ್ಲ. ಆ ಬೆಳಿಗ್ಗೆಯೂ ಹಾಗೇ ಆಗಿತ್ತು. ಕಾಲುವೆಗೆ ಮಣ್ಣು ಹಾಕಿ ಮುಚ್ಚಿಬಿಡುತ್ತೇನೆ, ಅಪ್ಪಣೆ ಕೊಡಿ ಎಂದು ಕೇಳಲು ಅವನು ಬಂದಿದ್ದ.

ಮಠದ ಹಿರಿಯರಾದ ಅಜ್ಜನವರು ಅಪ್ಪಣೆ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸಲಿಕೆ ಕೆಳಗಿಟ್ಟು ಕುಳಿತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಹಳ್ಳದ ದಂಡೆಯಲ್ಲಿ ನೇಕಾರರ ಊರು. ಅಲ್ಲಿ ಒಬ್ಬ ಬಣ್ಣಗಾರನಿದ್ದ. ಊರಿನ ಮಗ್ಗಗಳಿಗೆಲ್ಲ ಅವನೇ ನೂಲಿಗೆ ಬಣ್ಣ ಹಾಕಿ ಕೊಡುತ್ತಿದ್ದ. ಪೇಟೆಯಿಂದ ಬರುವ ಒಂದು ಪುಡಿಯನ್ನು ಹಂಡೆಯ ನೀರಿಗೆ ಹಾಕಿ ನೂಲನ್ನು ಅದ್ದಿದರೆ ಕಣ್ಣು ಕೋರೈಸುವ ಕೆಂಪು ಬರುತ್ತಿತ್ತು. ಉಳಿದ ನೀರು ಹಳ್ಳಕ್ಕೆ ಹೋಗುತ್ತಿತ್ತು. ಮೊದಮೊದಲು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಹಳ್ಳದ ಮೀನು ಸತ್ತವು. ಎಮ್ಮೆಗಳು ನೀರಿಗೆ ಮೂತಿ ತಾಗಿಸಿ ಹಿಂದಕ್ಕೆ ಸರಿದವು. ದಂಡೆಯ ಬಾವಿಗಳ ನೀರು ಕಹಿಯಾಯಿತು. ಊರಿನವರು ಹಳ್ಳವನ್ನು ನೋಡಿ ಅಯ್ಯೋ ಎಂದರು, ಕೆಂಪು ಸೀರೆಯನ್ನು ನೋಡಿ ಆಹಾ ಎಂದರು. ಎರಡನ್ನೂ ಒಂದೇ ಬಾಯಲ್ಲಿ ಹೇಳಿದರು. ನಮ್ಮ ಬಾಯಿಯೂ ಹಾಗೆಯೇ ಇದೆ, ಅವರನ್ನು ಬೈದು ಪ್ರಯೋಜನವಿಲ್ಲ.

ಬಣ್ಣಗಾರ ಒಳ್ಳೆಯ ಮನುಷ್ಯ. ತನ್ನ ಕೈಯಿಂದಲೇ ಹಳ್ಳ ಕೆಡುತ್ತಿದೆ ಎಂಬ ಕೊರಗಿನಲ್ಲಿ ಅವನಿಗೆ ಊಟ ಸೇರದಾಯಿತು. ಬಣ್ಣದ ಮನೆಯ ಬಾಗಿಲು ಹಾಕಿಕೊಂಡು ಒಳಗೆ ಕುಳಿತ. ಬೇರು ಕುದಿಸಿದ, ತೊಗಟೆ ಕುದಿಸಿದ, ದಾಳಿಂಬೆಯ ಸಿಪ್ಪೆ ಕುದಿಸಿದ. ಹೆಂಡತಿ ಊಟಕ್ಕೆ ಕರೆದರೆ ಬಂದೆ ಬಂದೆ ಎನ್ನುತ್ತಿದ್ದ, ಬರುತ್ತಿರಲಿಲ್ಲ. ಏನು ಮಾಡುತ್ತಿದ್ದೀಯ ಎಂದು ನೆರೆಯವರು ಕೇಳಿದರೆ, ಮುಗಿದ ಮೇಲೆ ನೋಡುವಿರಂತೆ ಎನ್ನುತ್ತಿದ್ದ. ಬಹಳ ಕಾಲದ ಮೇಲೆ ಒಂದು ಕೆಂಪು ಸಿಕ್ಕಿತು. ಹಂಡೆಯಲ್ಲಿ ಉಳಿದ ನೀರನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದ. ಗಿಡ ಬಾಡಲಿಲ್ಲ, ಚಿಗುರಿತು. ಬಣ್ಣಗಾರ ಹಿತ್ತಲಲ್ಲಿ ಒಬ್ಬನೇ ಕುಣಿದ. ಇನ್ನು ಊರು ತನ್ನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತದೆ, ಈ ಬಣ್ಣಕ್ಕೆ ತನ್ನ ಹೆಸರೇ ಬರುತ್ತದೆ ಎಂದುಕೊಂಡ.

ಬಾಗಿಲು ತೆರೆದು ಮನೆಮನೆಗೆ ಹೋಗಿ ನೂಲಿನ ಲಡಿ ಕೊಟ್ಟುಬಂದ. ಇನ್ನು ಮುಂದೆ ಇದೇ ಕೆಂಪು ಎಂದ. ಬಹಳ ಒಳ್ಳೆಯ ಕೆಲಸ ಮಾಡಿದೆ ಎಂದು ಎಲ್ಲರೂ ಹೊಗಳಿದರು. ಎಲ್ಲರೂ ಲಡಿಗಳನ್ನು ವಾಪಸು ತಂದರು. ನೂಲು ಬಿರುಸಾಗಿದೆ ಎಂದ ಒಬ್ಬ ನೇಕಾರ. ಒಗೆದರೆ ಬಣ್ಣ ಬಿಡುತ್ತದೆ ಎಂದ ಮಡಿವಾಳ. ಮದುವೆ ಮನೆಯವರಂತೂ ಇದು ಕೆಂಪೇ ಅಲ್ಲ, ಉಟ್ಟು ಬಿಟ್ಟ ಸೀರೆ ತಂದಿರಾ ಎಂದು ಬೀಗರು ಕೇಳುತ್ತಾರೆ ಎಂದರು. ಅದೇ ಊರಿನಲ್ಲಿ ಮಗ್ಗ ನಡೆಸುತ್ತಿದ್ದ ಅವನ ಸ್ವಂತ ತಂಗಿಯೂ ಲಡಿಯನ್ನು ತಂದು ಕಟ್ಟೆಯ ಮೇಲಿಟ್ಟು ಮಾತಾಡದೆ ಹೋದಳು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋಯಿತು.

ಬಣ್ಣಗಾರ ಮತ್ತೆ ಬಾಗಿಲು ಹಾಕಿಕೊಂಡ. ನೂಲಿನ ಬಿರುಸು ಹೋಗುವಂತೆ ಮಾಡಿ ತಂದ. ಆಗ ಬೇರೆ ತಪ್ಪು ಕಂಡಿತು. ಅದನ್ನು ತಿದ್ದಿದ. ಇನ್ನೊಂದು ಕಂಡಿತು. ಬರಬರುತ್ತ ಮಗ್ಗದಲ್ಲಿ ಎಳೆ ಹರಿದರೂ ಬಣ್ಣಗಾರನ ಬಣ್ಣದಿಂದ, ಸಂತೆಯಲ್ಲಿ ಸೀರೆ ಹೋಗದಿದ್ದರೂ ಬಣ್ಣಗಾರನ ಬಣ್ಣದಿಂದ ಎಂಬಂತಾಯಿತು. ಅವನಿಗೆ ರೋಸಿಹೋಯಿತು. ನಿಮ್ಮ ಕೆಂಪು ನೀರನ್ನೇ ಕುಡಿದು ಸಾಯಿರಿ ಎಂದು ಬೇರು ತೊಗಟೆಗಳನ್ನೆಲ್ಲ ಮೂಲೆಗೆ ಎಸೆದು, ಹಳೆಯ ಪುಡಿಯನ್ನೇ ಹಂಡೆಗೆ ಸುರಿದ. ಸುರಿಯುವಾಗ ಅವನಿಗೆ ಅಳು ಬಂತು. ಆದರೂ ಸುರಿದ.

ಇಷ್ಟು ಹೇಳಿ ಅಜ್ಜನವರು ನೆಲದ ಮೇಲಿದ್ದ ಸಲಿಕೆಯ ಕಡೆ ನೋಡಿದರು. ಚರಂತಯ್ಯ ಅದನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ. ಅಜ್ಜನವರು ಕತೆ ಮುಂದುವರಿಸಿದರು.

ಆ ದಿನಗಳಲ್ಲೇ ಬಣ್ಣಗಾರನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬಂತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅಂದರೆ ಬಣ್ಣಗಾರನ ತಂಗಿ. ಅವಳು ತೊಟ್ಟಿಲ ಮೇಲೆ ಬಗ್ಗಿ ಹೆಸರು ಹೇಳಿದಳು. ಹೆಸರಿಟ್ಟವಳಿಗೆ ಗುದ್ದುವುದು ವಾಡಿಕೆ, ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಎಲ್ಲರ ಕೈಗೂ ಗುಗ್ಗರಿ ಬಂತು. ಲಡಿ ವಾಪಸು ಬಂದ ಸಿಟ್ಟು ಬಣ್ಣಗಾರನಿಗೆ ಇನ್ನೂ ಇಳಿದಿರಲಿಲ್ಲ. ಹೆತ್ತವಳು ನನ್ನ ಹೆಂಡತಿ, ಸಾಕಬೇಕಾದವನು ನಾನು, ಬರಿಗೈಯಲ್ಲಿ ಬಂದು ಹೆಸರಿಡುವವಳು ನೀನು, ಇದು ಯಾವ ನ್ಯಾಯ ಎಂದು ತಂಗಿಯನ್ನು ಚುಚ್ಚಿದ.

ತಂಗಿ ಸಿಟ್ಟಾಗಲಿಲ್ಲ. ಮಗುವನ್ನು ಎತ್ತಿಕೊಂಡು ಹೇಳಿದಳು.

"ಹಡದಾವರು ನೀವು, ಖರೆ ಅಣ್ಣಾ. ಆದರ ಹೆಸರಿಟ್ಟಾಕಿ ನಾನು. ಇನ್ನ ಇದು ಅತ್ತರ ನಾನೂ ಎದ್ದು ಬರಬೇಕಲ್ಲ?"

ಬಣ್ಣಗಾರ ಗುಗ್ಗರಿಯನ್ನು ಬಾಯಿಗೆ ಹಾಕುವುದನ್ನು ಮರೆತ. ತನ್ನ ಬಣ್ಣ ಅತ್ತಾಗಲೆಲ್ಲ ತಾನೊಬ್ಬನೇ ಏಕೆ ಎದ್ದು ಓಡಬೇಕಾಯಿತು ಎಂಬುದು ಅವನಿಗೆ ಹೊಳೆಯಿತು.

ಮಾರನೆಯ ದಿನ ಹಂಡೆಯನ್ನು ಹಳ್ಳದ ದಂಡೆಯ ಬಯಲಿಗೆ ಹೊತ್ತು ತಂದು ಒಲೆ ಹೂಡಿದ. ಪಕ್ಕದಲ್ಲಿ ಒಂದು ಕರಿಬೇವಿನ ಸಸಿ ನೆಟ್ಟ. ಊರಿನವರನ್ನು ಕರೆದು, ನನಗೆ ಇಲ್ಲಿಯವರೆಗೆ ಗೊತ್ತಾಗಿದೆ, ಮುಂದಿನದು ಗೊತ್ತಾಗುತ್ತಿಲ್ಲ, ಬನ್ನಿ ಎಂದ. ಅವನು ಹಾಕಿದ ಷರತ್ತು ಒಂದೇ. ಹಂಡೆಗೆ ಯಾರು ಏನನ್ನು ಬೇಕಾದರೂ ಹಾಕಿ ನೋಡಬಹುದು. ಆದರೆ ಉಳಿದ ನೀರನ್ನು ಕುಡಿದು ಆ ಸಸಿ ಬದುಕಬೇಕು.

ಮೊದಲು ಬಂದವರು ಗೇಲಿ ಮಾಡಲೆಂದೇ ಬಂದರು. ಬಣ್ಣಗಾರ ಅವರ ಕೈಗೆ ಹಂಡೆ ತಿರುವುವ ಕೋಲು ಕೊಟ್ಟ. ಹೊಗೆಯಲ್ಲಿ ಕೋಲು ತಿರುವುತ್ತ ಗೇಲಿ ಮಾಡುವುದು ಕಷ್ಟ. ಒಬ್ಬ ಹೆಂಗಸು ಹುಣಸೆಹಣ್ಣು ಹಾಕೋಣ ಎಂದಳು. ಬಣ್ಣಗಾರ ಅದನ್ನು ಎಂದೋ ಹಾಕಿ ನೋಡಿ ಕೈಬಿಟ್ಟಿದ್ದ. ಹಾಗೆಂದು ಹೇಳಿದ. ಅವಳು ನಂಬಲಿಲ್ಲ. ಸರಿ, ಹಾಕು ತಾಯಿ ಎಂದ. ನೂಲೆಲ್ಲ ಕೆಸರಿನ ಬಣ್ಣಕ್ಕೆ ತಿರುಗಿತು. ಅಂದಿನಿಂದ ಹುಣಸೆಹಣ್ಣಿನ ಮಾತೆತ್ತಿದವರನ್ನೆಲ್ಲ ಅವಳೇ ಬೈಯತೊಡಗಿದಳು. ಇನ್ನೊಬ್ಬ ಸುಣ್ಣ ಹಾಕಿ ನೂಲನ್ನೇ ಹಾಳು ಮಾಡಿದ. ಮತ್ತೊಬ್ಬ ಯಾರೂ ನೋಡದಾಗ ಒಂದು ಚಿಟಿಕೆ ಹಳೆಯ ಪುಡಿ ಸೇರಿಸಿದ. ಬಣ್ಣ ಚೆನ್ನಾಗಿಯೇ ಬಂತು. ಸಸಿ ಬಾಡಿತು. ಅವನಿಗೆ ಬುದ್ಧಿ ಹೇಳುವ ಕೆಲಸ ಬಣ್ಣಗಾರನಿಗೆ ಉಳಿಯಲೇ ಇಲ್ಲ. ಊರಿನವರೇ ಹಿಡಿದು ಅವನ ಕೈಯಿಂದ ಹೊಸ ಸಸಿ ನೆಡಿಸಿ, ಅದಕ್ಕೆ ಬೇಲಿಯನ್ನೂ ಕಟ್ಟಿಸಿದರು.

ಕೆಲಸಕ್ಕೆ ಬಂದ ಮಾತುಗಳೂ ಇದ್ದವು. ಬಣ್ಣ ಹಾಕಿದ ನೂಲನ್ನು ನೆರಳಿನಲ್ಲಿ ಒಣಗಿಸಿ ನೋಡೋಣ ಎಂದು ಮಡಿವಾಳ ಹೇಳಿದ. ಬಣ್ಣ ಬಿಡುವುದು ಕಡಿಮೆಯಾಯಿತು. ತಂಗಿ ಹಂಡೆಯ ಗೋಜಿಗೇ ಹೋಗಲಿಲ್ಲ. ಈ ಬಣ್ಣ ಇದಕ್ಕಿಂತ ಹೆಚ್ಚು ಹೊಳೆಯುವುದಿಲ್ಲ, ಹೊಳೆಯುವುದೂ ಬೇಡ, ಇದರ ಪಕ್ಕಕ್ಕೆ ಅರಿಸಿನ ಬಣ್ಣದ ಅಂಚು ಕೊಟ್ಟು ನೋಡುತ್ತೇನೆ ಎಂದು ಒಂದು ಸೀರೆ ನೇಯ್ದು ತಂದಳು. ಹಳದಿಯ ಪಕ್ಕದಲ್ಲಿ ಆ ಮಂಕು ಕೆಂಪು ಮೈದುಂಬಿ ನಿಂತಿತು. ಬಾಗಿಲು ಹಾಕಿಕೊಂಡು ಹಂಡೆಯನ್ನೇ ದಿಟ್ಟಿಸುತ್ತಿದ್ದ ಬಣ್ಣಗಾರನಿಗೆ ಅಂಚಿನ ಯೋಚನೆ ಬಂದಿರಲೇ ಇಲ್ಲ. ಅದಕ್ಕೆ ಅವನು ನಾಚಿಕೊಳ್ಳಲಿಲ್ಲ. ತುಂಬ ಖುಷಿಪಟ್ಟ. ತಂಗಿಗೂ ತುಂಬ ಖುಷಿಯಾಯಿತು. ಅಣ್ಣನ ಹಂಡೆ ಇಲ್ಲದಿದ್ದರೆ ಅವಳ ಅಂಚಿಗೆ ಪಕ್ಕದಲ್ಲಿ ಕೂರಲು ಯಾರಿದ್ದರು?

ಆದರೂ ಅದು ಕೆಂಪಲ್ಲ ಎಂಬುದರಲ್ಲಿ ಊರಿಗೆಲ್ಲ ಒಂದೇ ಮಾತು. ಕೆಂಪಲ್ಲದಿದ್ದರೆ ಮತ್ತೇನು? ಇದಕ್ಕೆ ಏನೆಂದು ಹೆಸರು? ಬಣ್ಣಗಾರನ ನಾಲಗೆಯ ತುದಿಗೆ ತನ್ನ ಹೆಸರೇ ಬಂತು. ಅದನ್ನು ನುಂಗಿಕೊಂಡ. ನುಂಗುವುದು ಸುಲಭವಾಗಿರಲಿಲ್ಲ. ಅಷ್ಟರಲ್ಲಿ ಹೆಂಗಸರು ಒಂದು ಮೊರದಲ್ಲಿ ನೂಲಿನ ಲಡಿಯನ್ನು ಮಲಗಿಸಿ ತೂಗತೊಡಗಿದ್ದರು. ತಂಗಿಯನ್ನು ಹಿಡಿದು ಮುಂದಕ್ಕೆ ತಳ್ಳಿದರು. ಅವಳು ಬಗ್ಗಿ ಲಡಿಯ ಕಿವಿ ಎಲ್ಲಿದೆ ಎಂದು ಹುಡುಕಿ, ಅತ್ತಿಗೆಂಪು ಎಂದಳು. ಹಣ್ಣಾದ ಅತ್ತಿಯ ಬಣ್ಣ ಅದು, ಎಲ್ಲರಿಗೂ ಒಪ್ಪಿಗೆಯಾಯಿತು. ತುಂಟ ಹೆಂಗಸರು ಅತ್ತೆಗೆಂಪು, ಅತ್ತೆಗೆಂಪು ಎಂದು ಕೂಗುತ್ತ ಅವಳ ಬೆನ್ನಿಗೆ ಗುದ್ದಿದರು. ಬಣ್ಣಗಾರ ಒಲೆಗೆ ಸೌದೆ ತಳ್ಳುವ ನೆಪದಲ್ಲಿ ಬಗ್ಗಿ ಕಣ್ಣೊರೆಸಿಕೊಂಡ.

ಮಳೆಗಾಲ ಬಂತು. ಅತ್ತಿಗೆಂಪು ಕೈಕೊಟ್ಟಿತು. ನೂಲಿನ ಮೇಲೆ ಬಣ್ಣ ಕಲೆಕಲೆಯಾಗಿ ಕೂತಿತು. ಇನ್ನು ಲಡಿಗಳು ಕಟ್ಟೆಯ ಮೇಲೆ ಬಂದು ಬೀಳುತ್ತವೆ ಎಂದು ಬಣ್ಣಗಾರ ಬಾಗಿಲ ಹಿಂದೆ ಕುಳಿತ. ಲಡಿಗಳು ಬರಲಿಲ್ಲ. ಜನ ಬಂದರು. ತಲೆಯ ಮೇಲೆ ಗೋಣಿಚೀಲ ಹೊದ್ದು, ನಮ್ಮ ಅತ್ತಿಗೆಂಪಿಗೆ ಏನಾಯಿತು ಎಂದು ಕೇಳುತ್ತ ಬಂದರು. ಹಂಡೆಯ ಸುತ್ತ ಕುಳಿತು ಜಗಳವಾಡಿದರು, ಅದನ್ನೂ ಇದನ್ನೂ ಮುಟ್ಟಿ ನೋಡಿದರು. ಸೌದೆ ಹಸಿಯಾಗಿದ್ದು ನೀರು ಸರಿಯಾಗಿ ಕುದಿದಿಲ್ಲ ಎಂದು ಗೊತ್ತಾಯಿತು. ಹುಣಸೆಹಣ್ಣಿನ ಹೆಂಗಸು ಮನೆಗೆ ಓಡಿ, ತನ್ನ ಅಟ್ಟದ ಮೇಲಿದ್ದ ಒಣ ಸೌದೆ ಹೊತ್ತು ತಂದಳು.

ಹಳ್ಳ ಒಮ್ಮೆಗೇ ತಿಳಿಯಾಗಲಿಲ್ಲ. ಕೆಡುವಾಗ ತೆಗೆದುಕೊಂಡಷ್ಟೇ ಸಮಯ ತೆಗೆದುಕೊಂಡಿತು. ಒಂದು ದಿನ ಎಮ್ಮೆಗಳು ನೀರಿಗೆ ಮೂತಿ ಇಟ್ಟವು, ಹಿಂದಕ್ಕೆ ತೆಗೆಯಲಿಲ್ಲ. ಬಣ್ಣಗಾರನ ಮಗಳು ಅದೇ ನೀರಿನಲ್ಲಿ ಈಜು ಕಲಿತಳು. ಅವಳು ಮುಳುಗಿ ಏಳುವುದನ್ನು ಅಪ್ಪನೂ ಅತ್ತೆಯೂ ದಂಡೆಯಲ್ಲಿ ಕುಳಿತು ನೋಡುತ್ತಿದ್ದರು.

ಅಜ್ಜನವರು ಕತೆ ನಿಲ್ಲಿಸಿದರು. ಚರಂತಯ್ಯನಿಗೆ ಕತೆ ಹಿಡಿಸಿತ್ತು. ಆದರೆ ಬಣ್ಣಗಾರನ ಮೇಲೆ ಕನಿಕರವೂ ಬಂದಿತ್ತು. ಇಷ್ಟೆಲ್ಲ ಮಾಡಿದವನ ಹೆಸರೇನು ಎಂದು ಕೇಳಿದ.

"ನನಗೂ ಗೊತ್ತಿಲ್ಲಪಾ," ಎಂದರು ಅಜ್ಜನವರು. "ಅದಕ್ಕ ಒಬ್ಬ ಬಣ್ಣಗಾರ ಅನಕೋತ ಬಂದೆ."

ಅಷ್ಟರಲ್ಲಿ ಹಿತ್ತಲ ಕಡೆಯಿಂದ, ಪಾತ್ರೆಗಳ ಸದ್ದಿನ ನಡುವೆ ಯಾರೋ ಕೂಗಿದರು. "ಚರಂತಯ್ಯಾರ, ನಿಮ್ಮ ಕಾಲುವಿ ಇನ್ನೂ ಕಟ್ಟೇ ಐತ್ರಿ."

ಚರಂತಯ್ಯ ಎಂದಿನಂತೆ ಎದ್ದ. ಸಲಿಕೆಯನ್ನು ಹೆಗಲಿಗೇರಿಸಿ ಹೊರಟ. ಹೊಸ್ತಿಲು ದಾಟುವಾಗ ಅಜ್ಜನವರ ದನಿ ಕೇಳಿತು.

"ಯಾರ ಕಾಲುವಿ ಅಂದ್ರು, ಚರಂತಯ್ಯ?"

ಚರಂತಯ್ಯ ಹೊಸ್ತಿಲ ಮೇಲೆಯೇ ನಿಂತುಬಿಟ್ಟ.