ಗೋಸುಂಬೆಯ ಸ್ಟೋರಿಬೋರ್ಡ್

ಸಿನಿಮಾ ಕಲಿಯುತ್ತಿದ್ದ ಗೋಸುಂಬೆಯೊಂದು, ಬೆಲ್ಲದ ಚೂರು ಹೊತ್ತು ಗೂಡಿಗೆ ಮರಳುವ ಇರುವೆಯ ಬಗ್ಗೆ ಕಿರುಚಿತ್ರ ಮಾಡಲು ಹೊರಟಿತು.

"ಮೊದಲು ಸ್ಟೋರಿಬೋರ್ಡ್ ತೋರಿಸು. ಅರ್ಥವಾದರೆ ಮಾತ್ರ ನಾಳೆ ಶೂಟಿಂಗಿಗೆ ಬರುತ್ತೇವೆ" ಎಂದಿತು ಹಿರಿಯ ಇರುವೆ.

ಗೋಸುಂಬೆ ಕಥೆಯನ್ನು ಆರು ಚೌಕಗಳಲ್ಲಿ ಬರೆದು, ಎಲೆಎಲೆಗೂ ಬಣ್ಣ ತುಂಬಿ, ಗೋಡೆಗೆ ಸಾಲಾಗಿ ಅಂಟಿಸಿತು. ಇರುವೆಗಳು ನೋಡುತ್ತ ಬಂದವು. ಮೊದಲ ಚೌಕದ ಇರುವೆ ಬಲಕ್ಕೆ ನಡೆಯುತ್ತಿತ್ತು, ಇವೂ ಬಲಕ್ಕೆ ನಡೆದವು. ಎರಡನೆಯದರಲ್ಲಿ ಅದು ಎಡಕ್ಕೆ ನಡೆಯುತ್ತಿತ್ತು. ಇವೂ ಗಕ್ಕನೆ ತಿರುಗಿ, ಹಿಂದಿದ್ದವುಗಳಿಗೆ ಡಿಕ್ಕಿ ಹೊಡೆದವು.

"ಬೆಲ್ಲ ವಾಪಸ್ ಕೊಡಲು ಹೊರಟಳೇನಯ್ಯಾ?" ಎಂದು ಕೇಳಿತು ಹಿರಿಯ ಇರುವೆ.

"ಇಲ್ಲಮ್ಮ, ಮನೆಗೇ ಹೋಗುತ್ತಿದ್ದಾಳೆ. ನನ್ನ ಎಡಬದಿಯಲ್ಲಿದ್ದಾಗ ಎಡಗಣ್ಣಿಗೆ ಬಲಕ್ಕೆ ಹೋಗುವಂತೆ ಕಂಡಳು, ಬಲಬದಿಗೆ ಬಂದಾಗ ಬಲಗಣ್ಣಿಗೆ ಎಡಕ್ಕೆ ಹೋಗುವಂತೆ ಕಂಡಳು. ಎರಡೂ ನಿಜವೇ!"

"ನಿನ್ನ ಕಣ್ಣು ನಿನ್ನ ತಲೆಯಲ್ಲಿದೆ ಕಣಪ್ಪಾ. ನಮ್ಮೆದುರು ಇರುವುದು ಬರೀ ಚಿತ್ರ."

ಗೋಸುಂಬೆ ನಾಚಿ ಕೆಂಪಾಯಿತು. ಬಲಗಣ್ಣು ಮುಚ್ಚಿಕೊಂಡು, ಇದ್ದಿಲಿನಿಂದ ಆರನ್ನೂ ಮತ್ತೆ ಗೀಚಿತು. ಎಲೆಗಳ ಮಾತಿರಲಿ, ಇರುವೆಗೆ ಮೀಸೆ ಬರೆಯಲೂ ಪುರುಸೊತ್ತಾಗಲಿಲ್ಲ. ಆದರೆ ಆರರಲ್ಲೂ ಅದು ಬಲಕ್ಕೇ ನಡೆಯುತ್ತಿತ್ತು.

ಈ ಸಲ ಇರುವೆಗಳು ಎಲ್ಲೂ ತಿರುಗದೆ ಆರೂ ಚೌಕ ದಾಟಿದವು, ಆಮೇಲೂ ನಿಲ್ಲದೆ ಮುಂದಕ್ಕೆ ಹೊರಟೇಬಿಟ್ಟವು.

"ನಿಲ್ಲಿ, ಚಿತ್ರ ಮುಗಿಯಿತು!" ಎಂದು ಕೂಗಿತು ಗೋಸುಂಬೆ.

"ಮುಗಿಯುವುದು ಹೇಗೆ? ಅವಳಿನ್ನೂ ಮನೆ ಮುಟ್ಟಿಲ್ಲವಲ್ಲ!"

ಗೋಸುಂಬೆ ಇದ್ದಿಲು ಕಚ್ಚಿಕೊಂಡು, ಜನ್ಮದಲ್ಲಿ ಮೊದಲ ಸಲ ಓಡಿತು. ಸಾಲಿಗಿಂತ ಮುಂದೆ ಹೋಗಿ, ಬರಿಗೋಡೆಯ ಮೇಲೆ ಒಂದು ಗೂಡು ಬರೆಯಿತು.

ಇರುವೆಗಳು ಅಲ್ಲಿ ನಿಂತವು.