ಗಿರಿಯಪ್ಪನ ಹೆಬ್ಬಾಗಿಲು

ಕಲ್ಲುಗುಡ್ಡದ ಬುಡದ ಕುರುಚಲು ಕಾಡಿನಲ್ಲಿ, ಮಕ್ಕಳೇ, ಎರಡು ಮುಳ್ಳುಹಂದಿಗಳು ಸಂಸಾರ ಮಾಡಿಕೊಂಡಿದ್ದವು. ಗಂಡ ಗಿರಿಯಪ್ಪ, ಹೆಂಡತಿ ಗೆಜ್ಜವ್ವ. ಸಿಟ್ಟು ಬಂದರೆ ಅವಳ ಬೆನ್ನಿನ ಮುಳ್ಳುಗಳು ಗೆಜ್ಜೆಯ ಹಾಗೆ ಝಲ್ಲೆನ್ನುತ್ತಿದ್ದವು. ಅದಕ್ಕೇ ಆ ಹೆಸರು.

ಯಾರೋ ಬಿಟ್ಟುಹೋದ ಬಿಲಗಳಲ್ಲಿ ಇದ್ದು ಇದ್ದು ಗೆಜ್ಜವ್ವನಿಗೆ ಸಾಕಾಗಿತ್ತು. ಈಗಂತೂ ಹೊಟ್ಟೆಯಲ್ಲಿ ಮರಿಗಳಿದ್ದವು. ಸ್ವಂತದ್ದೊಂದು ಮನೆ ಆಗಲೇಬೇಕೆಂದು ಚಳಿಗಾಲವೆಲ್ಲ ಅರೆಹೊಟ್ಟೆ ಉಂಡು ಕಾಡುಗೆಣಸು ಕೂಡಿಟ್ಟಳು. ಅದನ್ನು ಮೂರು ಗುಡ್ಡೆ ಮಾಡಿ ಗಂಡನಿಗೆ ತೋರಿಸಿದಳು. ಒಂದು, ಬಾಗಿಲು ಕೋಣೆ ತೋಡುವ ಹೆಗ್ಗಣಗಳ ಕೂಲಿಗೆ. ಇನ್ನೊಂದು, ಆಪತ್ತಿನಲ್ಲಿ ಓಡಿಹೋಗಲು ಬೇಕಾದ ಹಿಂಬಾಗಿಲಿಗೆ. ಮತ್ತೊಂದು ಬಾಣಂತನಕ್ಕೆ. ಒಂದರದ್ದು ತೆಗೆದು ಇನ್ನೊಂದಕ್ಕೆ ಹಾಕಬಾರದು ಎಂದು ಒತ್ತಿ ಹೇಳಿದಳು. ಗಿರಿಯಪ್ಪ ತಲೆಯಾಡಿಸಿದ.

ಅವಳು ಹೆರಿಗೆಗೆಂದು ಹಳೆಯ ಬಿಲದಲ್ಲಿ ಉಳಿದಳು. ಗೆಣಸನ್ನೆಲ್ಲ ಹೊಸ ಮನೆಯ ಜಾಗಕ್ಕೆ ಸಾಗಿಸಿ, ಕೆಲಸ ನೋಡಿಕೊಳ್ಳಲು ಅವನು ಹೋದ.

ಹೆಗ್ಗಣಗಳು ಮಣ್ಣಿಗೆ ಉಗುರು ಹಾಕಿದವೋ ಇಲ್ಲವೋ, ನೆರೆಯ ಉಡ ಬಂದು, ಇಷ್ಟು ಇಕ್ಕಟ್ಟಾದ ಬಾಗಿಲಲ್ಲಿ ನೆಂಟರಿಷ್ಟರು ಹೇಗೆ ಬರಬೇಕು ಎಂದು ಕೇಳಿತು. ಗಿರಿಯಪ್ಪನಿಗೆ ನಾಚಿಕೆಯಾಯಿತು. ಬಾಗಿಲು ಹೆಬ್ಬಾಗಿಲಾಯಿತು. ಮರುದಿನ ಮೊಲ ಬಂದು, ಜಗಲಿ ಇಲ್ಲದ್ದೂ ಒಂದು ಮನೆಯೇ ಎಂದಿತು. ಜಗಲಿ ಎದ್ದಿತು. ಬಂದವರು ಹೊಗಳಿದಂತೆಲ್ಲ ಅವನು ಇನ್ನೊಂದು ಗುಡ್ಡೆಗೆ ಕೈಹಾಕಿದ. ಹೆಗ್ಗಣಗಳ ಮೇಸ್ತ್ರಿ ಮಾಚಜ್ಜ ಹಿಂಬಾಗಿಲ ಮಾತೆತ್ತಿದಾಗ, ಅದು ಯಾರ ಕಣ್ಣಿಗೂ ಬೀಳುವುದಲ್ಲ, ಆಮೇಲೆ ನೋಡೋಣ ಅಂದುಬಿಟ್ಟ. ಕೊನೆಗೆ ಗೆಣಸು ಮುಗಿಯಿತು. ಹೆಗ್ಗಣಗಳು ಮಣ್ಣು ಕೊಡವಿಕೊಂಡು ಹೋದವು.

ಎರಡು ಮರಿಗಳನ್ನು ಕರೆದುಕೊಂಡು ಗೆಜ್ಜವ್ವ ಬಂದಳು. ಹೆಬ್ಬಾಗಿಲು ನೋಡಿದಳು. ಜಗಲಿ ನೋಡಿದಳು. ಒಳಗೆ ಹೋದರೆ ಕೊನೆಯಲ್ಲಿ ಬರೀ ಗೋಡೆ. ಗೆಣಸಿನ ಜಾಗದಲ್ಲಿ ಸಿಪ್ಪೆಯೂ ಇರಲಿಲ್ಲ. ಅವಳ ಮುಳ್ಳುಗಳು ಝಲ್ಲೆಂದವು.

"ಹಿಂಬಾಗಿಲು ಎಲ್ಲಿ?"

"ಎಲ್ಲರೂ ಹೇಳಿದರು ಕಣೇ, ಮನೆ ಅಂದಮೇಲೆ ನಾಲ್ಕು ಜನ ನೋಡಿದರೆ..."

"ಹೇಳಿದವರಲ್ಲಿ ಯಾರು ಬಂದು ಇಲ್ಲಿ ಮಲಗುತ್ತಾರೆ?" ಎಂದಳು ಗೆಜ್ಜವ್ವ. "ನನ್ನ ಹಸಿವನ್ನು ಜಗಲಿ ಮಾಡಿ ಅವರನ್ನು ಕೂರಿಸಿದಿರಿ."

ಅವಳು ಮರಿಗಳಿಗೆ ಹಾಲೂಡಿಸಲು ಕೂತಳು. ಹಾಲೂ ಸಾಲದು. ಮರಿಗಳು ಕುಂಯ್ಗುಟ್ಟುತ್ತಲೇ ಇದ್ದವು.

ಸಂಜೆ, ಆ ಕುಂಯ್ಗುಟ್ಟುವ ದನಿ ಕೇಳಿ ಸೀಳುನಾಯಿಯೊಂದು ಬಂತು. ಇಕ್ಕಟ್ಟಾದ ಬಾಗಿಲಾಗಿದ್ದರೆ ಮೂತಿ ತೂರಿಸಿ ವಾಪಸು ಹೋಗುತ್ತಿತ್ತು. ಇಲ್ಲಿ ನೆಂಟನ ಹಾಗೆ ನೆಟ್ಟಗೆ ಒಳಗೆ ನಡೆದು ಬಂತು. ಅಡ್ಡ ಬಂದ ಗಿರಿಯಪ್ಪನ ಹಿಂಗಾಲಿಗೆ ಬಾಯಿ ಹಾಕಿ ಕೆಡವಿತು. ಓಡಲು ದಾರಿಯಿಲ್ಲ. ಗೆಜ್ಜವ್ವ ಮರಿಗಳನ್ನು ಗೋಡೆಗೆ ಒತ್ತಿ ತಿರುಗಿ ನಿಂತಳು. ಚಳಿಗಾಲದ ಹಸಿವು, ಆ ದಿನದ ಉರಿ, ಎಲ್ಲವನ್ನೂ ಬೆನ್ನಿಗೆ ತಂದುಕೊಂಡು ಹಿಮ್ಮುಖವಾಗಿ ನುಗ್ಗಿದಳು. ಮೂತಿಯ ತುಂಬ ಮುಳ್ಳು ನೆಟ್ಟುಕೊಂಡ ಸೀಳುನಾಯಿ ಊಳಿಡುತ್ತ ಓಡಿತು.

ಕೂಗು ಗುಡ್ಡಕ್ಕೆಲ್ಲ ಕೇಳಿಸಿತ್ತು. ಉಡವೂ ಬರಲಿಲ್ಲ, ಮೊಲವೂ ಬರಲಿಲ್ಲ.

ಬೆಳಗ್ಗೆ ಗಿರಿಯಪ್ಪ ಕುಂಟುತ್ತ ಬಂದು ಏನೋ ಹೇಳಹೊರಟ.

"ಮಾತು ಬೇಡ. ಕಲ್ಲು ತನ್ನಿ."

ಅವನು ಕಲ್ಲು ತಂದ. ಜಗಲಿ ಒಡೆದು ಆ ಮಣ್ಣಿನಲ್ಲೇ ಬಾಗಿಲನ್ನು ಕಿರಿದು ಮಾಡಿದರು. ಹಿಂದಿನ ಗೋಡೆಯನ್ನು ಗೆಜ್ಜವ್ವ ತಾನೇ ಬಗೆಯತೊಡಗಿದಳು. ಉಗುರು ಸವೆದವು. ಆ ಕಡೆಯಿಂದ ಬೆಳಕು ಒಳಗೆ ಬೀಳುವವರೆಗೂ ಗಂಡನೊಡನೆ ಒಂದು ಮಾತೂ ಆಡಲಿಲ್ಲ. ಬಿದ್ದ ಮೇಲೆ ಆಡಿದ್ದೂ ಇಷ್ಟೇ:

"ಇನ್ನು ಗೆಣಸು ಅಗೆಯಲು ಹೊರಡಿ."

ನೀತಿ: ಕೈಯಲ್ಲಿರುವುದನ್ನು ಅಳೆದು, ಮೊದಲು ಬೇಕಾದ್ದನ್ನು ಮೊದಲು ಕಟ್ಟಬೇಕು, ನೋಡುವವರಿಗಾಗಿ ಕಟ್ಟಿದ ಮನೆ ಇರುವವರನ್ನು ಕಾಯುವುದಿಲ್ಲ.